ಛತ್ರವೋ, ಹೋಟೆಲೋ, ದೇವಸ್ಥಾನವೋ: ಬೆಂಗಳೂರಿನ ಮದುವೆಗೆ ಎಲೆ ಲೆಕ್ಕದ ಹೋಲಿಕೆ

ಬೆಂಗಳೂರಿನಲ್ಲಿ ಮದುವೆ ನಿಶ್ಚಯವಾದ ವಾರದಲ್ಲೇ ಮನೆಯವರು ಮಾಡುವ ಮೊದಲ ಕೆಲಸವೆಂದರೆ ನಾಲ್ಕಾರು ಛತ್ರಗಳಿಗೆ ಫೋನ್ ಮಾಡಿ ಬಾಡಿಗೆ ಎಷ್ಟೆಂದು ಕೇಳುವುದು. ಆ ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದು, ಕಡಿಮೆ ಇರುವುದಕ್ಕೆ ಗುರುತು ಹಾಕಿ, ಮುಂಗಡ ಕೊಟ್ಟು ಬರುತ್ತಾರೆ. ಖರ್ಚು ಕೈಮೀರುವುದು ಬಹುತೇಕ ಅಲ್ಲಿಂದಲೇ ಶುರುವಾಗುತ್ತದೆ. ಒಂದೂವರೆ ಲಕ್ಷದ ಛತ್ರವು ಕರೆಂಟು, ಜನರೇಟರು, ಸ್ವಚ್ಛತೆ, ಪಾತ್ರೆ, ಗ್ಯಾಸು ಎಂದು ಸೇರಿಸುತ್ತ ಹೋಗಿ ಎರಡು ಲಕ್ಷದ ಛತ್ರಕ್ಕಿಂತ ದುಬಾರಿಯಾಗುವುದುಂಟು. ಬಾಡಿಗೆಯೇ ಇಲ್ಲವೆಂದು ಹೇಳುವ ಹೋಟೆಲು ಊಟದ ಬೆಲೆಯಲ್ಲಿ ಆ ಬಾಡಿಗೆಯನ್ನು ವಸೂಲು ಮಾಡಿಕೊಳ್ಳುವುದೂ ಉಂಟು. ಆದ್ದರಿಂದ ಈ ಆಯ್ಕೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬೇಕಾದರೆ ಬಾಡಿಗೆಯ ಬದಲು ಎಲೆಯನ್ನು ಅಳತೆಯಾಗಿ ಇಟ್ಟುಕೊಳ್ಳಬೇಕೆಂಬುದು ನನ್ನ ಅನುಭವ.

ಒಬ್ಬರು ಒಂದು ಹೊತ್ತು ಉಂಡರೆ ಅದು ಒಂದು ಎಲೆ. ಹಿಂದಿನ ಸಂಜೆಯ ಆರತಕ್ಷತೆಗೆ 300 ಮಂದಿ, ಮರುದಿನ ಮುಹೂರ್ತದ ಊಟಕ್ಕೆ 200 ಮಂದಿ ಎಂದರೆ 500 ಎಲೆ. ಬೆಳಗಿನ ತಿಂಡಿಯನ್ನು ನಾನು ಎಲೆಯ ಮೂರನೇ ಒಂದು ಭಾಗವೆಂದು ಹಿಡಿಯುತ್ತೇನೆ. 90 ಮಂದಿಯ ಇಡ್ಲಿ, ಉಪ್ಪಿಟ್ಟು, ಕಾಫಿಗೆ 30 ಎಲೆ ಸೇರಿಸಿದರೆ ಒಟ್ಟು 530. ಛತ್ರ ಹುಡುಕುವ ಮೊದಲು ಈ ಸಂಖ್ಯೆ ಕೈಯಲ್ಲಿರಬೇಕು. ಅದಕ್ಕಾಗಿ ಎರಡೂ ಕಡೆಯವರು ಕೂತು ಹೆಸರು ಹೆಸರಾಗಿ ಪಟ್ಟಿ ಬರೆಯಬೇಕು. ‘ನಮ್ಮ ಕಡೆಯಿಂದ ಒಂದು ಇನ್ನೂರು ಜನ ಆಗಬಹುದು’ ಎಂಬ ಬೀಗರ ಮಾತನ್ನು ಹಾಗೆಯೇ ಒಪ್ಪಿಕೊಂಡರೆ ಆ ಇನ್ನೂರು ಮುನ್ನೂರಾಗಿ ಬರುತ್ತದೆ. ಬೀಗರಿಂದ ಹೆಸರುಗಳ ಪಟ್ಟಿ ಕೇಳುವುದು ಸಂಕೋಚದ ಕೆಲಸವೇ ಸರಿ, ಆದರೆ ಆ ಮಾತನ್ನು ನಿಶ್ಚಿತಾರ್ಥದ ಸುಮಾರಿಗೇ ಆಡಿಬಿಡುವುದು ಒಳ್ಳೆಯದು.

ಛತ್ರ ಮತ್ತು ಹೋಟೆಲು

ಬಸವನಗುಡಿ, ಜಯನಗರ, ಮಲ್ಲೇಶ್ವರ, ರಾಜಾಜಿನಗರಗಳ ಹಳೆಯ ಕಲ್ಯಾಣ ಮಂಟಪಗಳನ್ನು ಸಾಮಾನ್ಯವಾಗಿ ಹಿಂದಿನ ದಿನದ ಮಧ್ಯಾಹ್ನದಿಂದ ಮದುವೆಯ ದಿನದ ಮಧ್ಯಾಹ್ನ ಮೂರು ನಾಲ್ಕು ಗಂಟೆಯವರೆಗೆ ಕೊಡುತ್ತಾರೆ. ವರಪೂಜೆ, ಆರತಕ್ಷತೆ, ನಾಂದಿ, ಕಾಶಿಯಾತ್ರೆ, ಧಾರೆ ಎಲ್ಲವೂ ಒಂದೇ ಸೂರಿನಡಿ ನಡೆಯುತ್ತವೆ. ಊರಿಂದ ಬಂದ ನೆಂಟರು ಮೇಲಿನ ಕೋಣೆಗಳಲ್ಲೋ ಹಾಲಿನಲ್ಲಿ ಜಮಖಾನ ಹಾಸಿಕೊಂಡೋ ಮಲಗುತ್ತಾರೆ. ಈ ಮಲಗುವ ಅನುಕೂಲಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ, ಆದರೆ ಹೋಟೆಲಿನ ಜೊತೆ ಹೋಲಿಸುವಾಗ ಕಟ್ಟಲೇಬೇಕು. ನಲವತ್ತು ಮಂದಿ ನೆಂಟರಿಗೆ ಇಬ್ಬಿಬ್ಬರಂತೆ ಇಪ್ಪತ್ತು ಕೋಣೆ ಹಿಡಿದರೆ ಆಗುವ ಖರ್ಚು ಛತ್ರದ ಬಾಡಿಗೆಯ ದೊಡ್ಡದೊಂದು ಪಾಲನ್ನು ನುಂಗಿಬಿಡುತ್ತದೆ.

ಹೋಟೆಲಿನ ಔತಣ ಸಭಾಂಗಣದಲ್ಲಿ ಲೆಕ್ಕ ಬೇರೆ ರೀತಿಯದು. ಅಲ್ಲಿ ಬಾಡಿಗೆ ಇಲ್ಲ ಅಥವಾ ಕಡಿಮೆ, ಊಟಕ್ಕೆ ತಲೆಗಿಷ್ಟು ಎಂಬ ದರ, ಮತ್ತು ಜನ ಬಂದರೂ ಬಾರದಿದ್ದರೂ ಇಷ್ಟು ಊಟಕ್ಕೆ ಹಣ ಕೊಡಲೇಬೇಕೆಂಬ ಕನಿಷ್ಠ ಸಂಖ್ಯೆ. ಸಮಯವೂ ನಾಲ್ಕೈದು ಗಂಟೆಗಳಿಗೆ ಸೀಮಿತ. ಎಷ್ಟೋ ಹೋಟೆಲುಗಳು ಮುಚ್ಚಿದ ಸಭಾಂಗಣದಲ್ಲಿ ಹೊಗೆಯ ಸೂಚಕ ಇರುವುದರಿಂದ ಹೋಮಕುಂಡಕ್ಕೆ ಒಪ್ಪುವುದಿಲ್ಲ, ಒಪ್ಪಿದರೂ ಸಣ್ಣದಿರಲಿ ಎನ್ನುತ್ತವೆ. ಹಣ ಕಟ್ಟುವ ಮೊದಲು ಪುರೋಹಿತರನ್ನು ಜೊತೆಗೆ ಕರೆದುಕೊಂಡು ಹೋಗಿ ತೋರಿಸುವುದು ಕ್ಷೇಮ.

ತೆರಿಗೆಯ ವ್ಯತ್ಯಾಸವನ್ನೂ ಗಮನಿಸಬೇಕು. ಮಂಟಪದ ಬಾಡಿಗೆಗೆ ಶೇ 18 ಜಿಎಸ್‌ಟಿ ಇದೆ. ಹೊರಗಿನಿಂದ ಬರುವ ಅಡುಗೆಯವರ ಬಿಲ್ಲಿಗೆ ಸಾಮಾನ್ಯವಾಗಿ ಶೇ 5. ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚಿನ ದರದ ಕೋಣೆಗಳಿರುವ ದೊಡ್ಡ ಹೋಟೆಲುಗಳ ಊಟಕ್ಕೆ ಶೇ 18. ಹೋಟೆಲಿನವರು ದರ ಹೇಳುವಾಗ ‘ತೆರಿಗೆ ಪ್ರತ್ಯೇಕ’ ಎಂದು ಮೆಲ್ಲಗೆ ಸೇರಿಸುತ್ತಾರೆ. ಆ ಮಾತು ಕೇಳಿಸಿಕೊಳ್ಳದವರಿಗೆ ಬಿಲ್ಲು ಬಂದಾಗ ಗಾಬರಿಯಾಗುತ್ತದೆ.

ಈಗ ಒಂದು ಲೆಕ್ಕ ಮಾಡಿ ನೋಡೋಣ. ಇವು ಯಾವುದೇ ನಿರ್ದಿಷ್ಟ ಛತ್ರದ ಅಥವಾ ಹೋಟೆಲಿನ ದರಗಳಲ್ಲ, ವಿಧಾನ ತಿಳಿಯಲೆಂದು ಇಟ್ಟುಕೊಂಡ ಅಂಕಿಗಳು. ನಿಮಗೆ ಸಿಕ್ಕ ದರಗಳನ್ನು ಇದೇ ಜಾಗದಲ್ಲಿ ಹಾಕಿಕೊಳ್ಳಬಹುದು. ಛತ್ರದ ಬಾಡಿಗೆ 2,00,000, ಅದರ ಮೇಲೆ ತೆರಿಗೆ 36,000, ಕರೆಂಟು, ಡೀಸೆಲು, ಗ್ಯಾಸು, ಸ್ವಚ್ಛತೆ ಸೇರಿ 44,000 ಎಂದರೆ ಒಬ್ಬರೂ ಊಟಕ್ಕೆ ಕೂರುವ ಮೊದಲೇ 2,80,000 ರೂಪಾಯಿ ಖರ್ಚು. ಅಡುಗೆಯವರ ದರ ಎಲೆಗೆ 450 ಆದರೆ ತೆರಿಗೆ ಸೇರಿ 472 ರೂಪಾಯಿ 50 ಪೈಸೆ. ಹೋಟೆಲಿನಲ್ಲಿ ಊಟಕ್ಕೆ 1,200, ತೆರಿಗೆ ಸೇರಿ 1,416. ಎರಡರ ನಡುವಿನ ಅಂತರ ಎಲೆಯೊಂದಕ್ಕೆ 943 ರೂಪಾಯಿ 50 ಪೈಸೆ. ಛತ್ರದ ಸ್ಥಿರ ಖರ್ಚಾದ 2,80,000ವನ್ನು ಈ ಅಂತರದಿಂದ ಭಾಗಿಸಿದರೆ ಸುಮಾರು 297 ಬರುತ್ತದೆ. ಅಂದರೆ ಈ ದರಗಳಲ್ಲಿ ಒಟ್ಟು ಎಲೆ 297ಕ್ಕಿಂತ ಕಡಿಮೆಯಿದ್ದರೆ ಹೋಟೆಲೇ ಅಗ್ಗ, ಹೆಚ್ಚಿದ್ದರೆ ಛತ್ರ ಅಗ್ಗ. 200 ಎಲೆಯ ಮದುವೆಗೆ ಛತ್ರದಲ್ಲಿ 3,74,500 ಆದರೆ ಹೋಟೆಲಿನಲ್ಲಿ 2,83,200. 600 ಎಲೆಯ ಮದುವೆಗೆ ಛತ್ರದಲ್ಲಿ 5,63,500 ಆದರೆ ಹೋಟೆಲಿನಲ್ಲಿ 8,49,600. ಹೋಟೆಲೆಂದರೆ ಶ್ರೀಮಂತರಿಗೆ, ಛತ್ರವೆಂದರೆ ಮಧ್ಯಮ ವರ್ಗಕ್ಕೆ ಎಂಬ ರೂಢಿಯ ಮಾತು ಸಣ್ಣ ಮದುವೆಗಳ ಮಟ್ಟಿಗೆ ಸುಳ್ಳಾಗುವುದು ಹೀಗೆ. ಆದರೆ ನೆಂಟರಿಗೆ ಕೋಣೆ ಹಿಡಿಯಬೇಕಾದವರು ಆ ಮೊತ್ತವನ್ನು ಹೋಟೆಲಿನ ಬದಿಗೆ ಸೇರಿಸಿಕೊಂಡೇ ಭಾಗಿಸಬೇಕು. ಆಗ 297 ಎಂಬ ಗಡಿ ಬಹಳ ಕೆಳಗಿಳಿಯುತ್ತದೆ.

ಕನಕಪುರ ರಸ್ತೆಯ ಅಥವಾ ದೇವನಹಳ್ಳಿ ಕಡೆಯ ರೆಸಾರ್ಟುಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ. ಅಲ್ಲಿ ಊಟದ ದರ, ಕೋಣೆಯ ದರ, ಅಲಂಕಾರ, ನೆಂಟರನ್ನು ಕರೆದೊಯ್ಯುವ ಬಸ್ಸು ಎಲ್ಲವೂ ಒಟ್ಟಿಗೆ ಏರುತ್ತವೆ. ಬಜೆಟ್ಟಿನ ಚಿಂತೆ ಇರುವವರಿಗೆ ಅದು ಹೋಲಿಕೆಗೆ ಬರುವ ಆಯ್ಕೆಯಲ್ಲ.

ಅಡುಗೆ: ಎಲೆ ದರವೋ, ಸಾಮಾನು ನಮ್ಮದೋ

ಛತ್ರವೆಂದು ತೀರ್ಮಾನಿಸಿದವರ ಮುಂದೆ ಅಡುಗೆಯ ವಿಷಯದಲ್ಲಿ ಎರಡು ದಾರಿಗಳಿವೆ. ಅಡುಗೆ ಕಂಟ್ರಾಕ್ಟರಿಗೆ ಎಲೆಗಿಷ್ಟು ಎಂದು ಪೂರ್ತಿ ಒಪ್ಪಿಸುವುದು ಒಂದು; ಭಟ್ಟರಿಂದ ಸಾಮಾನಿನ ಪಟ್ಟಿ ಬರೆಸಿಕೊಂಡು, ದಿನಸಿಯನ್ನು ಯಶವಂತಪುರದ ಎಪಿಎಂಸಿ ಯಾರ್ಡಿನಿಂದಲೂ ತರಕಾರಿಯನ್ನು ಕಲಾಸಿಪಾಳ್ಯದಿಂದಲೂ ನಾವೇ ತಂದು, ಅವರಿಗೆ ಕೂಲಿ ಮಾತ್ರ ಕೊಡುವುದು ಇನ್ನೊಂದು. ಎರಡನೆಯದು ಕಾಗದದ ಮೇಲೆ ಯಾವಾಗಲೂ ಅಗ್ಗ. ಆದರೆ ಅದು ಉಗ್ರಾಣದ ಬೀಗದ ಕೈ ಹಿಡಿದು ಎರಡು ದಿನ ಅಲುಗಾಡದೆ ಕೂರುವ ಒಬ್ಬ ಮನುಷ್ಯನನ್ನು ಕೇಳುತ್ತದೆ. ತುಪ್ಪದ ಡಬ್ಬ, ಗೋಡಂಬಿ, ಕೊಬ್ಬರಿ, ಏಲಕ್ಕಿ ಇವುಗಳನ್ನು ಅಳೆದು ಕೊಟ್ಟು, ಉಳಿದದ್ದನ್ನು ವಾಪಸು ಪಡೆದು ಬರೆದಿಡುವ ನಿವೃತ್ತ ಚಿಕ್ಕಪ್ಪನೋ ಸೋದರಮಾವನೋ ಮನೆಯಲ್ಲಿದ್ದರೆ ಈ ದಾರಿ ಹಿಡಿಯಿರಿ. ಇಲ್ಲದಿದ್ದರೆ ಉಳಿತಾಯವಾಗಬೇಕಾದ ಹಣ ಉಗ್ರಾಣದಲ್ಲೇ ಕರಗಿಹೋಗುತ್ತದೆ, ಜೊತೆಗೆ ಹೆಣ್ಣಿನ ತಂದೆ ಧಾರೆಯ ಹೊತ್ತಿನಲ್ಲಿ ಮೊಸರು ಸಾಲದೆಂಬ ದೂರು ಕೇಳಬೇಕಾಗುತ್ತದೆ.

ಪೂರ್ತಿ ಒಪ್ಪಿಸುವವರು ಎಲೆ ಎಣಿಸುವ ವ್ಯವಸ್ಥೆಯನ್ನು ಮೊದಲೇ ಮಾತಾಡಿಕೊಳ್ಳಬೇಕು. ನನ್ನ ತಂಗಿಯ ಮದುವೆಯಲ್ಲಿ ಊಟದ ಮನೆಯ ಬಾಗಿಲ ಬಳಿ ನಮ್ಮ ಚಿಕ್ಕಪ್ಪ ಒಂದು ಸ್ಟೂಲು ಹಾಕಿಕೊಂಡು, ನೂರು ಪುಟದ ನೋಟ್‌ಬುಕ್ಕಿನೊಂದಿಗೆ ಕೂತಿದ್ದರು. ಸಾಲಿಗೆ 32ರಂತೆ ನಾಲ್ಕು ಸಾಲು, ಪಂಕ್ತಿಗೆ 128. ನಾಲ್ಕು ಪಂಕ್ತಿ ತುಂಬಿ ಎದ್ದವು; ಐದನೆಯದರಲ್ಲಿ ಬಡಿಸುವವರು, ಓಲಗದವರು, ಫೋಟೊದವರು ಸೇರಿ 59. ಒಟ್ಟು 571. ಸಂಜೆ ಲೆಕ್ಕ ಚುಕ್ತಾ ಮಾಡಲು ಬಂದ ಕಂಟ್ರಾಕ್ಟರು 640 ಎಂದರು. ಚಿಕ್ಕಪ್ಪ ಏನೂ ವಾದಿಸದೆ ನೋಟ್‌ಬುಕ್ಕು ತೆರೆದು ತೋರಿಸಿದರು. ಪ್ರತಿ ಪಂಕ್ತಿಯ ಪಕ್ಕದಲ್ಲಿ ಗಂಟೆ ಬರೆದಿತ್ತು, ಕಂಟ್ರಾಕ್ಟರ ಮೇಸ್ತ್ರಿಯಿಂದಲೇ ಹಾಕಿಸಿಕೊಂಡ ಸಣ್ಣ ಸಹಿ ಇತ್ತು. 69 ಎಲೆಯ ವ್ಯತ್ಯಾಸಕ್ಕೆ ಎಲೆಗೆ 450ರಂತೆ 31,050 ರೂಪಾಯಿ ಉಳಿಯಿತು. ಕಂಟ್ರಾಕ್ಟರು ಮೋಸಗಾರರೆಂದು ನಾನು ಹೇಳುವುದಿಲ್ಲ. ಅವರ ಕಡೆಯವರು ಕಟ್ಟು ಬಿಚ್ಚಿದ ಎಲೆಗಳನ್ನೆಲ್ಲ ಎಣಿಸಿದ್ದರು, ಹರಿದು ಬಿಸಾಡಿದವೂ ಅದರಲ್ಲಿ ಸೇರಿದ್ದವು. ಆದರೆ ಆ ಸಹಿ ಇಲ್ಲದಿದ್ದರೆ ಮಾತು ಬೆಳೆಯುತ್ತಿತ್ತು, ಮದುವೆಯ ಸಂಜೆ ಜಗಳ ಬೇಡವೆಂದು ನಾವೇ ಹಣ ಕೊಟ್ಟು ಸುಮ್ಮನಾಗುತ್ತಿದ್ದೆವು.

ಕರೆಂಟಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ಛತ್ರದ ಬೀಗ ಕೈಗೆ ಬಂದ ಕೂಡಲೇ ಮೀಟರಿನ ಫೋಟೊ ತೆಗೆದುಕೊಂಡು, ವ್ಯವಸ್ಥಾಪಕರಿಗೆ ವಾಟ್ಸ್‌ಆ್ಯಪಿನಲ್ಲಿ ಕಳಿಸಿಬಿಡಿ. ಜನರೇಟರಿಗೆ ಗಂಟೆಯ ಲೆಕ್ಕವೋ ಡೀಸೆಲಿನ ಲೆಕ್ಕವೋ ಎಂಬುದನ್ನು ರಸೀದಿಯ ಹಿಂದೆ ಬರೆಸಿಕೊಳ್ಳಿ. ಮುಂಗಡ ಕೊಡುವಾಗ ದಿನ ಬದಲಾದರೆ ಹಣ ಏನಾಗುತ್ತದೆ ಎಂಬುದೂ ಬರವಣಿಗೆಯಲ್ಲೇ ಇರಬೇಕು.

ಪದಾರ್ಥಗಳ ಪಟ್ಟಿಯಲ್ಲಿ ಉಳಿಸಲು ಜಾಗವಿದೆ, ಆದರೆ ಜನ ಅಂದುಕೊಳ್ಳುವ ಕಡೆಯಲ್ಲಿ ಅಲ್ಲ. ಕೋಸಂಬರಿ, ಪಲ್ಯ, ಗೊಜ್ಜು, ಮಜ್ಜಿಗೆಹುಳಿ, ಹೋಳಿಗೆ ಇರುವ ಎಲೆ ಊಟ ದುಬಾರಿಯಲ್ಲ. ದರ ಏರುವುದು ಆರತಕ್ಷತೆಯ ಸಂಜೆ ನಿಂತು ತಿನ್ನುವ ಚಾಟ್, ದೋಸೆ, ಐಸ್‌ಕ್ರೀಂ ಕೌಂಟರುಗಳಿಂದ. ಜನ ಅಲ್ಲೇ ಹೊಟ್ಟೆ ತುಂಬಿಸಿಕೊಂಡು ಎಲೆಯ ಮುಂದೆ ಕೂತು ಅರ್ಧ ಬಿಡುತ್ತಾರೆ. ಒಂದೇ ಹೊಟ್ಟೆಗೆ ಎರಡು ಸಲ ಹಣ ಕೊಟ್ಟಂತಾಗುತ್ತದೆ.

ದೇವಸ್ಥಾನ, ಮಂತ್ರ ಮಾಂಗಲ್ಯ, ನೋಂದಣಿ

ಒಟ್ಟು ಎಲೆ ನೂರರೊಳಗೆ ಇರುವ ಮದುವೆಗೆ ಛತ್ರವೂ ಬೇಡ, ದೊಡ್ಡ ಹೋಟೆಲೂ ಬೇಡ. ದೇವಸ್ಥಾನದಲ್ಲಿ ಧಾರೆ ಮುಗಿಸಿ ಹತ್ತಿರದ ಸಸ್ಯಾಹಾರಿ ಹೋಟೆಲಿನ ಪಾರ್ಟಿ ಹಾಲಿನಲ್ಲಿ ಊಟ ಹಾಕಿಸುವುದು ಬೆಂಗಳೂರಿನಲ್ಲಿ ಈಗಲೂ ಬಹಳ ಅಗ್ಗದ ಕ್ರಮ. ಎಲ್ಲ ದೇವಸ್ಥಾನಗಳಲ್ಲೂ ಮದುವೆ ಮಾಡಿಸುವುದಿಲ್ಲ, ಮಾಡಿಸುವವರು ವಯಸ್ಸಿನ ದಾಖಲೆ, ಆಧಾರ್, ಎರಡೂ ಕಡೆಯ ಹಿರಿಯರ ಹಾಜರಿ ಕೇಳುತ್ತಾರೆ. ಖುದ್ದಾಗಿ ಹೋಗಿ ವಿಚಾರಿಸುವುದೇ ಸರಿ.

ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯದ ಪದ್ಧತಿಯಲ್ಲಿ ಪುರೋಹಿತರಿಲ್ಲ, ಮುಹೂರ್ತದ ಕಟ್ಟುಪಾಡಿಲ್ಲ, ವರದಕ್ಷಿಣೆ ಇಲ್ಲ. ವಧೂವರರು ಹಿರಿಯರೊಬ್ಬರ ಮುಂದೆ ಪ್ರತಿಜ್ಞೆ ಓದಿ ಹಾರ ಬದಲಾಯಿಸಿಕೊಳ್ಳುತ್ತಾರೆ. 1966ರಲ್ಲಿ ಅವರ ಮಗ ತೇಜಸ್ವಿ ಮದುವೆಯಾದದ್ದು ಹೀಗೆಯೇ. ಮುಹೂರ್ತಕ್ಕೆ ಅಂಟಿಕೊಳ್ಳದಿರುವುದರಿಂದ ಯಾರೂ ಕೇಳದ ದಿನವೊಂದರಲ್ಲಿ ಸಭಾಂಗಣ ಸಿಗುತ್ತದೆ ಎಂಬುದು ಇದರ ಆರ್ಥಿಕ ಲಾಭ. ಧರ್ಮಸ್ಥಳದಲ್ಲಿ 1972ರಿಂದ ನಡೆಯುತ್ತಿರುವ ಸಾಮೂಹಿಕ ವಿವಾಹವೂ ಸಾಲ ಮಾಡಲೊಲ್ಲದ ಕುಟುಂಬಗಳಿಗೆ ತೆರೆದ ದಾರಿಯೇ.

1954ರ ವಿಶೇಷ ವಿವಾಹ ಕಾಯ್ದೆಯಡಿ ನೇರವಾಗಿ ವಿವಾಹಾಧಿಕಾರಿಯ ಮುಂದೆ ಮದುವೆಯಾಗುವವರು 30 ದಿನಗಳ ನೋಟಿಸು ಕೊಡಬೇಕು, ಮೂವರು ಸಾಕ್ಷಿಗಳು ಬೇಕು. ಇದರ ಖರ್ಚು ಎಲ್ಲಕ್ಕಿಂತ ಕಡಿಮೆ, ಆದರೆ ಆ 30 ದಿನಗಳನ್ನು ಲೆಕ್ಕಕ್ಕೆ ಹಿಡಿಯದೆ ಊಟಕ್ಕೆ ಸಭಾಂಗಣ ಕಾದಿರಿಸಿದರೆ ಮುಂಗಡ ಹೋಗುತ್ತದೆ.

ದಿನ ಮತ್ತು ಊರು

ಒಂದೇ ಛತ್ರ ಭಾನುವಾರಕ್ಕೊಂದು, ಬುಧವಾರಕ್ಕೊಂದು ದರ ಹೇಳದೇ ಇರಬಹುದು, ಆದರೆ ಹೂವು, ಅಲಂಕಾರ, ಫೋಟೊ, ಅಡುಗೆ ಎಲ್ಲದರಲ್ಲೂ ಚೌಕಾಸಿಗೆ ಜಾಗ ಸಿಗುವುದು ವಾರದ ನಡುವಿನ ಮುಹೂರ್ತಕ್ಕೆ ಮಾತ್ರ. ಆಷಾಢ, ಪಿತೃಪಕ್ಷ, ಧನುರ್ಮಾಸಗಳನ್ನು ಹೆಚ್ಚಿನವರು ಬಿಡುವುದರಿಂದ ಉಳಿದ ತಿಂಗಳುಗಳ ಮೇಲೆ ನೂಕುನುಗ್ಗಲು ಬೀಳುತ್ತದೆ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಮದುವೆಗೆ ಬಿಡುವ ಅಧಿಕ ಜ್ಯೇಷ್ಠ ಮಾಸ ಬಂದಿರುವುದರಿಂದ ಆ ಒಂದು ತಿಂಗಳ ಮದುವೆಗಳೂ ಅದರ ಹಿಂದು ಮುಂದಿನ ಮುಹೂರ್ತಗಳಿಗೆ ಸರಿಯುತ್ತವೆ. ಇಂತಹ ವರ್ಷದಲ್ಲಿ ಜೋಯಿಸರಿಂದ ಒಂದೇ ದಿನ ಬರೆಸಿಕೊಂಡು ಬರುವ ಬದಲು ಮೂರು ನಾಲ್ಕು ದಿನ ಬರೆಸಿಕೊಂಡು, ಛತ್ರ ಮತ್ತು ಅಡುಗೆಯವರು ಸಿಗುವ ದಿನವನ್ನು ಆರಿಸುವುದು ಜಾಣತನ. ಹಬ್ಬದ ಆಸುಪಾಸಿನ ದಿನವಾದರೆ ಕೆ.ಆರ್. ಮಾರುಕಟ್ಟೆಯಲ್ಲಿ ಮಲ್ಲಿಗೆ, ಕನಕಾಂಬರ, ಸೇವಂತಿಗೆಯ ಬೆಲೆ ಕೇಳುವಂತಿಲ್ಲ.

ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದ ಛತ್ರಕ್ಕೆ ಸ್ವಲ್ಪ ಹೆಚ್ಚು ಬಾಡಿಗೆ ಕೊಟ್ಟರೂ ನಷ್ಟವಿಲ್ಲ. ವಾರದ ದಿನದ ಸಂಜೆ ಆರತಕ್ಷತೆಗೆ ಬರುವವರು ಟ್ರಾಫಿಕ್ಕಿಗೆ ಹೆದರಿ ಬಾರದಿದ್ದರೆ ಮಾಡಿಸಿದ ಅಡುಗೆ ದಂಡ. ಆದರೆ ಭಾನುವಾರ ಬೆಳಿಗ್ಗೆ ಮೆಟ್ರೊ ತಡವಾಗಿ ಶುರುವಾಗುತ್ತದೆ, ಬೆಳಗಿನ ಜಾವದ ಮುಹೂರ್ತಕ್ಕೆ ಅದನ್ನು ನಂಬುವಂತಿಲ್ಲ.

ತುಮಕೂರು, ಮಂಡ್ಯ, ಹಾಸನಗಳಲ್ಲಿ ಸ್ವಂತ ಊರು ಇರುವವರಿಗೆ ಇನ್ನೊಂದು ಆಯ್ಕೆಯಿದೆ: ಧಾರೆಯನ್ನು ಊರಿನಲ್ಲಿ ಮುಗಿಸಿ, ಬೆಂಗಳೂರಿನವರಿಗಾಗಿ ಇಲ್ಲೊಂದು ಸಣ್ಣ ಆರತಕ್ಷತೆ ಇಟ್ಟುಕೊಳ್ಳುವುದು. ಊರಿನ ಛತ್ರ ಅಗ್ಗ, ಕೈಜೋಡಿಸುವ ಜನವೂ ಹೆಚ್ಚು. ಆದರೆ ಊರಿನಲ್ಲಿ ಮದುವೆಯೆಂದರೆ ಇಡೀ ಊರಿಗೆ ಕರೆ ಎಂದೇ ಅರ್ಥ. ಬೆಂಗಳೂರಿನ 500 ಎಲೆ ಅಲ್ಲಿ 1,200 ಆಗಬಹುದು. ಆಮೇಲೆ ಬೀಗರ ಊಟವೂ ಇದೆ, ಮಾಂಸದ ಅಡುಗೆಯ ಎಲೆಗೆ ದರ ಬೇರೆ. ಕೆಎಸ್‌ಆರ್‌ಟಿಸಿ ಬಸ್ಸನ್ನು ಒಪ್ಪಂದದ ಮೇಲೆ ಮಾಡಿಕೊಂಡು ಹೋಗುವ ಖರ್ಚನ್ನೂ ಕೂಡಿಸಿ ನೋಡಿದರೆ, ಊರಿನ ಕಡೆ ನೆಂಟರು ಬಹಳ ಇದ್ದವರಿಗೆ ಮಾತ್ರ ಇದು ನಿಜವಾದ ಉಳಿತಾಯ.

ಚಿನ್ನ, ಮತ್ತು ಹಣ ಹೊಂದಿಸುವುದು

ಚಿನ್ನದಲ್ಲಿ ದಿನದ ದರ ಎಲ್ಲ ಅಂಗಡಿಗಳಲ್ಲೂ ಸರಿಸುಮಾರು ಒಂದೇ ಇರುವುದರಿಂದ ಹೋಲಿಸಬೇಕಾದದ್ದು ವೇಸ್ಟೇಜು ಮತ್ತು ಮಜೂರಿಯನ್ನು. 40 ಗ್ರಾಂ ತೂಕದ ಸರಕ್ಕೆ ಶೇ 18 ವೇಸ್ಟೇಜು ಹಾಕಿದರೆ ಕೈಗೆ ಬಾರದ 7.2 ಗ್ರಾಂ ಚಿನ್ನಕ್ಕೆ ಹಣ ಕೊಟ್ಟಂತೆ. ಶೇ 6ರ ಸಾದಾ ಕೆಲಸದ ಸರವಾದರೆ 2.4 ಗ್ರಾಂ. ನಕಾಸಿ ಕೆಲಸದ ಒಂದು ಸರದ ಆಸೆ ತೀರಿಸಿಕೊಂಡು ಬಳೆಗಳನ್ನು ಸಾದಾ ಮಾಡಿಸುವುದು ನಾನು ಒಪ್ಪುವ ರಾಜಿ. 22 ಕ್ಯಾರೆಟ್ಟಿಗೆ ಶುದ್ಧತೆಯ 916 ಗುರುತು, ಜೊತೆಗೆ 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿರುವ ಆರು ಅಂಕಿ-ಅಕ್ಷರಗಳ, ಒಡವೆಗೊಂದರಂತೆ ಬೇರೆಬೇರೆಯಾದ ಎಚ್‌ಯುಐಡಿ ಸಂಖ್ಯೆ ಒಡವೆಯ ಮೇಲೆ ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿಯೇ ಹಣ ಕೊಡಿ. ಕಲ್ಲಿನ ತೂಕವನ್ನು ಚಿನ್ನದ ತೂಕದಿಂದ ಕಳೆದು ಬಿಲ್ಲಿನಲ್ಲಿ ಬೇರೆ ತೋರಿಸಬೇಕು. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ಅಂಗಡಿಯವರಾಗಲಿ ಛತ್ರದವರಾಗಲಿ ನಗದಾಗಿ ಪಡೆಯುವಂತಿಲ್ಲ ಎಂಬುದೂ ತಿಳಿದಿರಲಿ.

ಸೀರೆಗೆ ಚಿಕ್ಕಪೇಟೆ, ಆಮಂತ್ರಣ ಪತ್ರಿಕೆಗೆ ಸುಲ್ತಾನ್‌ಪೇಟೆ. ಇವೆರಡರಲ್ಲೂ ಉಳಿಯುವ ಹಣ ದೊಡ್ಡದಲ್ಲ, ಅದಕ್ಕಾಗಿ ಮನೆಯಲ್ಲಿ ಮುನಿಸು ತಂದುಕೊಳ್ಳುವುದು ಬೇಡ.

ಕೈಯಲ್ಲಿರುವ ಹಣ ಸಾಲದಿದ್ದರೆ ವೈಯಕ್ತಿಕ ಸಾಲ, ಇರುವ ಒಡವೆಯ ಮೇಲಿನ ಸಾಲ, ಚೀಟಿ ಎಂಬ ಮೂರು ದಾರಿಗಳು ಮುಂದಿರುತ್ತವೆ. ಐದು ಲಕ್ಷವನ್ನು ಶೇ 12ರ ಬಡ್ಡಿಗೆ ಮೂರು ವರ್ಷಕ್ಕೆ ತಂದರೆ ತಿಂಗಳ ಕಂತು ಸುಮಾರು 16,600 ರೂಪಾಯಿ, ಒಟ್ಟು ಬಡ್ಡಿ 98,000ದ ಹತ್ತಿರ. ಮೇಲಿನ ಲೆಕ್ಕದ ತೆರಿಗೆ ಸೇರಿದ ಎಲೆ ದರದಲ್ಲಿ ಆ ಬಡ್ಡಿ ಇನ್ನೂರಕ್ಕೂ ಹೆಚ್ಚು ಎಲೆಗಳಿಗೆ ಸಮ. ಪಟ್ಟಿಯಿಂದ ಅಷ್ಟು ಹೆಸರು ತೆಗೆಯುವುದು ಸುಲಭವೋ, ಮೂರು ವರ್ಷ ಕಂತು ಕಟ್ಟುವುದು ಸುಲಭವೋ ಎಂದು ಮನೆಯವರೇ ಯೋಚಿಸಬೇಕು. ಮದುವೆಗೆ ಎರಡು ವರ್ಷ ಇರುವಾಗಲೇ ಸೇರುವವರಿಗೆ ಚೀಟಿ ಒಳ್ಳೆಯದು, ಆದರೆ ನೋಂದಾಯಿತ ಚೀಟಿಯೇ ಆಗಿರಬೇಕು. ಸರ್ಕಾರಿ ಸಂಸ್ಥೆಯಾದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಬೀದಿಯ ಪರಿಚಯದವರ ಕೈಚೀಟಿಯನ್ನು ನಂಬಿ ಛತ್ರಕ್ಕೆ ಮುಂಗಡ ಕೊಡುವ ಧೈರ್ಯವನ್ನು ನಾನಂತೂ ಮಾಡಲಾರೆ. ಒಡವೆಯ ಮೇಲಿನ ಸಾಲದ ಬಡ್ಡಿ ವೈಯಕ್ತಿಕ ಸಾಲಕ್ಕಿಂತ ಸಾಮಾನ್ಯವಾಗಿ ಕಡಿಮೆ, ಆದರೆ ತಾಯಿಯ ಒಡವೆ ಬ್ಯಾಂಕಿನಲ್ಲಿಟ್ಟು ಮಗಳಿಗೆ ಹೊಸ ಒಡವೆ ಕೊಳ್ಳುವ ಬದಲು ಹಳೆಯದರಲ್ಲೇ ಎರಡನ್ನು ಕೊಟ್ಟುಬಿಡುವುದು ಸರಳವಲ್ಲವೇ ಎಂದು ಒಮ್ಮೆ ಕೇಳಿಕೊಳ್ಳಿ.

ಕೊನೆಯದಾಗಿ, ಮದುವೆ ಯಾವ ಬಗೆಯದಾದರೂ ನೋಂದಣಿ ಬೇಕು. ವೀಸಾ, ಪಾಸ್‌ಪೋರ್ಟು, ಜಂಟಿ ಗೃಹಸಾಲ ಎಂದು ಮುಂದೆ ಅಲೆಯುವಾಗ ಪ್ರಮಾಣಪತ್ರ ಕೇಳುತ್ತಾರೆ. ಹಿಂದೂ ವಿವಾಹ ಕಾಯ್ದೆಯಡಿಯ ನೋಂದಣಿಗೆ ರಾಜ್ಯದ ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಅರ್ಜಿ ಹಾಕಬಹುದು, ಮತ್ತು ದಾಖಲೆಗಳಲ್ಲಿ ಆಮಂತ್ರಣ ಪತ್ರಿಕೆಯೂ ಒಂದು. ನಮ್ಮ ಮನೆಯಲ್ಲಿ ಅಚ್ಚು ಹಾಕಿಸಿದ 150 ಪತ್ರಿಕೆಗಳೂ ಹಂಚಿಹೋಗಿ, ತಂಗಿಯ ನೋಂದಣಿಗೆಂದು ಗಿರಿನಗರದ ಸೋದರತ್ತೆಯ ಮನೆಗೆ ಹೋಗಿ ಅರಿಶಿನ ಮೆತ್ತಿದ ಪತ್ರಿಕೆಯೊಂದನ್ನು ವಾಪಸು ಕೇಳಿ ತರಬೇಕಾಯಿತು. ಎರಡು ಪ್ರತಿಗಳನ್ನು ಮೊದಲೇ ಬೀರುವಿನಲ್ಲಿ ಎತ್ತಿಡಿ.